ಅದೇ ಸಂತ, ಅದೇ ದಿನ: ಒಂದೂರಿನಲ್ಲಿ ಬೆಂಕಿ, ಇನ್ನೊಂದೂರಿನಲ್ಲಿ ಬಾವಿ

ಜೂನ್ ಕೊನೆಯ ವಾರ ಬಂತೆಂದರೆ ಗೋವಾದ ಕೆಲವು ದೃಶ್ಯಗಳು ನಮ್ಮ ಮೊಬೈಲುಗಳಿಗೂ ಬಂದು ತಲುಪುತ್ತವೆ. ತಲೆಗೆ ಹೂವು, ಎಲೆ, ಹಣ್ಣುಗಳ ಕಿರೀಟ ಸುತ್ತಿಕೊಂಡ ಗಂಡಸರು ಸುರಿಯುವ ಮಳೆಯಲ್ಲಿ ಕುಣಿಯುತ್ತ ಬರುತ್ತಾರೆ, ಬಾವಿಕಟ್ಟೆ ಏರಿ ‘ವಿವಾ ಸಾಂಜಾಂವ್’ (ಸಂತ ಯೋಹಾನನಿಗೆ ಜಯವಾಗಲಿ) ಎಂದು ಕೂಗುತ್ತಾರೆ, ದುಡುಮ್ಮನೆ ಒಳಗೆ ಧುಮುಕುತ್ತಾರೆ. ಧುಮುಕಿದವನು ನಗುತ್ತ ಮೇಲೆ ಬಂದರೆ ಕೈಗೊಂದು ಹಲಸಿನ ತೊಳೆಯೋ ಫೆನಿಯ ಲೋಟವೋ ಸಿಗುತ್ತದೆ. ನೋಡಿದವರಿಗೆ ಸಹಜವಾಗಿಯೇ ಪ್ರಶ್ನೆ ಏಳುತ್ತದೆ: ಇದು ಚರ್ಚಿನ ಹಬ್ಬವೇ? ಹೌದಾದರೆ ಬಾವಿಗೇಕೆ ಹಾರಬೇಕು?

ಪ್ರಶ್ನೆ ಇನ್ನಷ್ಟು ಕಗ್ಗಂಟಾಗುವುದು ಇದೇ ಹಬ್ಬ ಬೇರೆ ದೇಶಗಳಲ್ಲಿ ಹೇಗಿದೆ ಎಂದು ನೋಡಿದಾಗ. ಪೋರ್ಚುಗಲ್ಲಿನ ಪೋರ್ಟೋ ನಗರದಲ್ಲಿ ಆ ರಾತ್ರಿ ಗುರುತು ಪರಿಚಯವಿಲ್ಲದವರು ಒಬ್ಬರ ತಲೆಗೊಬ್ಬರು ಪ್ಲಾಸ್ಟಿಕ್ ಸುತ್ತಿಗೆಯಿಂದ ಕುಟ್ಟುತ್ತಾರೆ. ಸ್ಪೇನಿನಲ್ಲಿ ಬೀದಿಬೀದಿಯಲ್ಲಿ ಬೆಂಕಿ. ಬ್ರೆಜಿಲ್ಲಿನಲ್ಲಿ ಜೋಳದ ಖಾದ್ಯಗಳ ಜೊತೆ ಅಣಕು ಮದುವೆ. ಲಾಟ್ವಿಯಾದಲ್ಲಿ ಓಕ್ ಎಲೆಯ ಕಿರೀಟ, ಜೀರಿಗೆಯಂಥ ಬೀಜ ಬೆರೆಸಿದ ಚೀಸು, ಬಿಯರು. ಎಲ್ಲವೂ ಒಬ್ಬನೇ ಸಂತನ ಹೆಸರಿನಲ್ಲಿ, ಜೂನ್ 23ರ ರಾತ್ರಿ ಮತ್ತು 24ರ ಹಗಲಿನಲ್ಲಿ.

ಸಂತ ಯಾರು?

ಬೈಬಲಿನಲ್ಲಿ ಬರುವ ಸ್ನಾನಿಕ ಯೋಹಾನ. ಜೋರ್ದಾನ್ ನದಿಯಲ್ಲಿ ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದವನು, ಯೇಸುವಿಗೂ ಅದನ್ನು ಮಾಡಿಸಿದವನು. ಅವನ ಹುಟ್ಟಿನ ಕಥೆ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿದೆ. ಜಕರೀಯ ಎಂಬ ಯಾಜಕ ಮತ್ತು ಅವನ ಹೆಂಡತಿ ಎಲಿಸಬೇತಳಿಗೆ ವಯಸ್ಸಾಗಿತ್ತು, ಮಕ್ಕಳಿರಲಿಲ್ಲ. ಗಬ್ರಿಯೇಲನೆಂಬ ದೇವದೂತ ಬಂದು ಮಗ ಹುಟ್ಟುತ್ತಾನೆ ಎಂದಾಗ ಜಕರೀಯ ನಂಬಲಿಲ್ಲ. ಮಗು ಹುಟ್ಟಿ ಹೆಸರಿಡುವವರೆಗೂ ಅವನ ಬಾಯಿ ಕಟ್ಟಿಹೋಯಿತು. ಎಲಿಸಬೇತ ಗರ್ಭಿಣಿಯಾಗಿದ್ದಾಗ ಬಂಧುವಾದ ಮರಿಯಳು, ಯೇಸುವಿನ ತಾಯಿ, ನೋಡಲು ಬರುತ್ತಾಳೆ. ಆಕೆಯ ದನಿ ಕೇಳಿದೊಡನೆ ಹೊಟ್ಟೆಯೊಳಗಿನ ಕೂಸು ನಲಿದು ಹಾರಿತು ಎಂದು ಲೂಕ ಬರೆಯುತ್ತಾನೆ. ಈ ಹಾರುವಿಕೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಗೋವಾದ ಬಾವಿಯ ಹತ್ತಿರ ಬೇಕಾಗುತ್ತದೆ.

ಕ್ಯಾಥೊಲಿಕ್ ಸಂಪ್ರದಾಯದಲ್ಲಿ ಸಂತರ ಹಬ್ಬ ಸಾಮಾನ್ಯವಾಗಿ ಬೀಳುವುದು ಅವರು ತೀರಿಕೊಂಡ ದಿನ. ಸಾವೆಂದರೆ ಸ್ವರ್ಗದಲ್ಲಿ ಹುಟ್ಟು ಎಂಬ ಭಾವನೆ ಅದರ ಹಿಂದಿದೆ. ಈ ಭೂಮಿಯ ಮೇಲೆ ಹುಟ್ಟಿದ ದಿನವನ್ನೇ ಹಬ್ಬವಾಗಿ ಆಚರಿಸುವುದು ಮೂವರಿಗೆ ಮಾತ್ರ: ಡಿಸೆಂಬರ್ 25ರಂದು ಯೇಸು, ಸೆಪ್ಟೆಂಬರ್ 8ರಂದು ಮರಿಯಳು, ಜೂನ್ 24ರಂದು ಯೋಹಾನ. ಇವುಗಳಲ್ಲಿ ಎರಡನೆಯದು ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಮಂಗಳೂರು, ಉಡುಪಿಯ ಕ್ಯಾಥೊಲಿಕರು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವ ಮೊಂತಿ ಹಬ್ಬ ಅದೇ.

ಜೂನ್ 24 ಎಲ್ಲಿಂದ ಬಂತು?

ಯೋಹಾನ ಹುಟ್ಟಿದ ತಾರೀಕು ಬೈಬಲಿನಲ್ಲಿ ಇಲ್ಲ. ಇರುವುದು ಒಂದೇ ಸುಳಿವು: ಮರಿಯಳಿಗೆ ದೇವದೂತ ಕಾಣಿಸಿಕೊಂಡಾಗ ಎಲಿಸಬೇತಳಿಗೆ ಆರನೆಯ ತಿಂಗಳು. ಅಂದರೆ ಯೋಹಾನ ಯೇಸುವಿಗಿಂತ ಆರು ತಿಂಗಳು ದೊಡ್ಡವನು. ಕ್ರಿಸ್ಮಸ್ ಡಿಸೆಂಬರ್ 25ಕ್ಕೆ ನೆಲೆಗೊಂಡ ಮೇಲೆ ಆರು ತಿಂಗಳು ಹಿಂದಕ್ಕೆ ಎಣಿಸಿದರೆ ಸಾಕಾಯಿತು.

ಹಾಗಿದ್ದರೆ 25 ಆಗಬೇಕಿತ್ತಲ್ಲ, 24 ಏಕೆ? ರೋಮನ್ನರು ದಿನಗಳನ್ನು ತಿಂಗಳ ಮೊದಲಿನಿಂದ ಎಣಿಸುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ‘ಹಬ್ಬಕ್ಕೆ ಇನ್ನು ಎಂಟು ದಿನ’ ಎನ್ನುವ ಹಾಗೆ, ಮುಂದಿನ ತಿಂಗಳ ಮೊದಲ ದಿನಕ್ಕೆ ಎಷ್ಟು ದಿನ ಉಳಿದಿದೆ ಎಂದು ಹಿಂದಿನಿಂದ ಲೆಕ್ಕ ಹಾಕುತ್ತಿದ್ದರು, ಎರಡೂ ತುದಿಯ ದಿನಗಳನ್ನು ಸೇರಿಸಿ. ಹಾಗೆ ಎಣಿಸಿದರೆ ಡಿಸೆಂಬರ್ 25 ಎಂದರೆ ಜನವರಿ ಒಂದಕ್ಕೆ ಎಂಟನೆಯ ದಿನ. ಜುಲೈ ಒಂದಕ್ಕೆ ಎಂಟನೆಯ ದಿನ ಜೂನ್ 24. ಡಿಸೆಂಬರಿಗೆ 31 ದಿನ, ಜೂನಿಗೆ 30. ಒಂದು ದಿನದ ವ್ಯತ್ಯಾಸ ಅಲ್ಲಿಂದ ಬಂದದ್ದು.

ಈಗ ಸೂರ್ಯನ ಕಡೆ ಬರೋಣ. ಭೂಮಿ ತನ್ನ ಅಕ್ಷದ ಮೇಲೆ ಸುಮಾರು 23.4 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಜೂನ್ 21ರ ಆಸುಪಾಸಿನಲ್ಲಿ ಉತ್ತರ ಗೋಳ ಸೂರ್ಯನ ಕಡೆ ಅತಿ ಹೆಚ್ಚು ಬಾಗಿರುತ್ತದೆ, ಅಂದು ಅಲ್ಲಿ ವರ್ಷದ ಅತಿ ದೀರ್ಘ ಹಗಲು. ಮರುದಿನದಿಂದ ಸೂರ್ಯ ತೆಂಕಣ ದಿಕ್ಕಿಗೆ ಸರಿಯತೊಡಗುತ್ತಾನೆ, ಹಗಲು ಕುಗ್ಗತೊಡಗುತ್ತದೆ. ಆಕಾಶದ ಲೆಕ್ಕದಲ್ಲಿ ದಕ್ಷಿಣಾಯನ ಶುರುವಾಗುವುದು ಇಲ್ಲಿಯೇ. ರೋಮನ್ನರ ಪಂಚಾಂಗದಲ್ಲಿ ಈ ತಿರುವಿನ ದಿನವೆಂದು ರೂಢಿಯಲ್ಲಿದ್ದದ್ದು ಜೂನ್ 24. ಜೂಲಿಯಸ್ ಸೀಸರ್ ಕ್ರಿ.ಪೂ. 45ರಲ್ಲಿ ಜಾರಿಗೆ ತಂದ ಕ್ಯಾಲೆಂಡರಿನ ವರ್ಷ ನಿಜವಾದ ವರ್ಷಕ್ಕಿಂತ 11 ನಿಮಿಷ ಉದ್ದವಾಗಿತ್ತು. 128 ವರ್ಷಕ್ಕೆ ಒಂದು ದಿನದಂತೆ ಸೂರ್ಯನೂ ತಾರೀಕೂ ದೂರವಾದವು. ಸೂರ್ಯನ ತಿರುವು ಮೊದಲು 21ಕ್ಕೆ, ಆಮೇಲೆ ಇನ್ನೂ ಹಿಂದಕ್ಕೆ ಜಾರಿತು, ಹಬ್ಬ 24ರಲ್ಲೇ ಉಳಿಯಿತು.

ಇಂಥ ಅಂತರ ನಮಗೂ ಹೊಸತಲ್ಲ. ಉತ್ತರಾಯಣದ ಹಬ್ಬವೆಂದು ನಾವು ಎಳ್ಳು ಬೆಲ್ಲ ಹಂಚುವ ಮಕರ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಬರುತ್ತದೆ, ಸೂರ್ಯ ಬಡಗಣ ದಿಕ್ಕಿಗೆ ತಿರುಗಿ ಮೂರು ವಾರ ಕಳೆದ ಮೇಲೆ. ಕಾರಣ ಬೇರೆ: ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಎಣಿಸುತ್ತದೆ, ಭೂಮಿಯ ಅಕ್ಷದ ನಿಧಾನ ತಿರುಗಾಟದಿಂದ 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೆಳೆಯುತ್ತದೆ. ಪರಿಣಾಮ ಮಾತ್ರ ಒಂದೇ.

1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿ ಹತ್ತು ದಿನಗಳನ್ನು ಕಿತ್ತುಹಾಕಿ ಕ್ಯಾಲೆಂಡರ್ ಸರಿಪಡಿಸಿದರು, ತಿರುವು ಮತ್ತೆ 21ರ ಆಸುಪಾಸಿಗೆ ಬಂತು. ರಷ್ಯಾದ ಆರ್ಥೊಡಾಕ್ಸ್ ಚರ್ಚ್ ಇಂದಿಗೂ ಹಳೆಯ ಲೆಕ್ಕವನ್ನೇ ಇಟ್ಟುಕೊಂಡಿದೆ, ಈಗ ಅಂತರ 13 ದಿನ. ಹಾಗಾಗಿ ರಷ್ಯಾ, ಬೆಲರೂಸ್‌ಗಳಲ್ಲಿ ಯೋಹಾನನ ಹಬ್ಬ ಜುಲೈ 7ಕ್ಕೆ. ಅಲ್ಲಿ ಹುಡುಗಿಯರು ಹೂಮಾಲೆಗಳನ್ನು ನದಿಯಲ್ಲಿ ತೇಲಿಬಿಟ್ಟು ಮದುವೆಯ ಭವಿಷ್ಯ ಕೇಳುವುದು ಹಿಂದಿನ ಸಂಜೆ, ಸೂರ್ಯ ತಿರುಗಿ ಎರಡು ವಾರವಾದ ಮೇಲೆ.

ಚರ್ಚಿನ ಹಿರಿಯರಿಗೆ ಸೂರ್ಯನ ಈ ನಂಟು ಗೊತ್ತಿಲ್ಲದೆ ಇರಲಿಲ್ಲ. ಯೇಸುವನ್ನು ಕುರಿತು ಯೋಹಾನ ಹೇಳಿದ ‘ಆತನು ವೃದ್ಧಿಯಾಗಬೇಕು, ನಾನು ಕಡಿಮೆಯಾಗಬೇಕು’ ಎಂಬ ಮಾತನ್ನು ಹಿಡಿದು ಸಂತ ಅಗಸ್ಟಿನ್ ಪ್ರವಚನ ಮಾಡಿದ್ದರು: ಒಬ್ಬನ ಹುಟ್ಟಿನಿಂದ ಹಗಲು ಬೆಳೆಯುತ್ತದೆ, ಇನ್ನೊಬ್ಬನ ಹುಟ್ಟಿನಿಂದ ಕುಗ್ಗುತ್ತದೆ.

ಬೆಂಕಿಯ ರಾತ್ರಿ

‘ಹಳೆಯ ಸೂರ್ಯನ ಹಬ್ಬಕ್ಕೆ ಚರ್ಚು ಸಂತನ ಹೆಸರಿಟ್ಟಿತು’ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಅರ್ಧ ಸರಿ. ತಾರೀಕು ಬಂದದ್ದು ಲೂಕನ ಆರು ತಿಂಗಳ ಲೆಕ್ಕದಿಂದ ಎಂದು ಮೇಲೆ ನೋಡಿದೆವು. ಆದರೆ ಆ ದಿನ ಜನ ಮಾಡುತ್ತಿದ್ದ ಕೆಲವು ಕೆಲಸಗಳು ಚರ್ಚಿಗೆ ಹಿಡಿಸಿರಲಿಲ್ಲ ಎಂಬುದಕ್ಕೂ ದಾಖಲೆಯಿದೆ. ಏಳನೆಯ ಶತಮಾನದ ಫ್ರೆಂಚ್ ನಾಡಿನ ಬಿಷಪ್ ಸಂತ ಎಲಿಜಿಯಸ್ ಅವರ ಜೀವನಚರಿತ್ರೆಯಲ್ಲಿ, ಯೋಹಾನನ ಹಬ್ಬದಂದು ಕುಣಿತ, ಜಿಗಿತ, ಹಾಡುಗಳನ್ನು ಬಿಡಿ ಎಂದು ಜನರನ್ನು ಗದರಿಸುವ ಮಾತಿದೆ. ಗದರಿಸಬೇಕಾಯಿತು ಎಂದರೆ ಜನ ಮಾಡುತ್ತಿದ್ದರು ಎಂದೇ ಅರ್ಥ. ಹನ್ನೆರಡನೆಯ ಶತಮಾನದ ಹೊತ್ತಿಗೆ ಗದರಿಕೆ ಹೋಗಿ ವ್ಯಾಖ್ಯಾನ ಬಂದಿತ್ತು. ಪ್ಯಾರಿಸ್ಸಿನ ಧರ್ಮಪಂಡಿತ ಜಾನ್ ಬೆಲೆತ್, ಅಂದು ಚಕ್ರವನ್ನು ಉರುಳಿಸುವುದು ಸೂರ್ಯ ಇಳಿಮುಖವಾಗುವುದರ ಗುರುತು ಎಂದು ವಿವರಿಸಿದ. ಜನಪದ ಕಥೆಯೊಂದು ಇನ್ನೂ ಸರಳ: ಮಗು ಹುಟ್ಟಿದ ಸುದ್ದಿಯನ್ನು ದೂರದಲ್ಲಿದ್ದ ಮರಿಯಳಿಗೆ ತಿಳಿಸಲು ಎಲಿಸಬೇತಳೇ ಗುಡ್ಡದ ಮೇಲೆ ಬೆಂಕಿ ಹಾಕಿದಳಂತೆ. ಬೈಬಲಿನಲ್ಲಿ ಇದಿಲ್ಲ, ಬ್ರೆಜಿಲ್ಲಿನ ಅಜ್ಜಿಯರ ಬಾಯಲ್ಲಿದೆ.

ಬೆಂಕಿಯೇ ಏಕೆ ಎಂಬುದಕ್ಕೆ ಹಗಲಿನ ಲೆಕ್ಕ ನೋಡಿದರೆ ಸಾಕು. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು ಹನ್ನೊಂದೂಕಾಲರಷ್ಟು. ವ್ಯತ್ಯಾಸ ನಮ್ಮ ಗಮನಕ್ಕೇ ಬರುವುದಿಲ್ಲ. ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ ಜೂನಿನ ಹಗಲು ಸುಮಾರು 18 ಗಂಟೆ, ಡಿಸೆಂಬರಿನದು 7 ಗಂಟೆಗೂ ಕಡಿಮೆ. ಅಲ್ಲಿಯ ರೈತನಿಗೆ ಜೂನಿನ ಸೂರ್ಯ ಎಂದರೆ ಬೆಳೆ, ಹುಲ್ಲು, ಹಾಲು. ಆ ಸೂರ್ಯ ಇನ್ನು ಕುಗ್ಗುತ್ತಾನೆ ಎನ್ನುವ ರಾತ್ರಿ ಮಲಗದೆ, ಮೂಡುವವರೆಗೂ ಬೆಂಕಿ ಉರಿಸಿಕೊಂಡು ಕೂರುವುದು ಅವರ ಪದ್ಧತಿ. ಸೋವಿಯತ್ ಆಡಳಿತ 1960ರ ದಶಕದ ಆರಂಭದಲ್ಲಿ ಈ ಹಬ್ಬವನ್ನು ನಿಷೇಧಿಸಿತ್ತು. ಜನ ಬಿಡಲಿಲ್ಲ.

ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ಈ ಬೆಂಕಿಯ ಹೊಗೆಯ ನಡುವೆ ದನಗಳನ್ನು ಅಟ್ಟುತ್ತಿದ್ದರು, ಬೂದಿಯನ್ನು ಹೊಲಕ್ಕೆ ಚೆಲ್ಲುತ್ತಿದ್ದರು. ರೋಗ ಬರುವುದಿಲ್ಲ, ಬೆಳೆ ಹುಲುಸಾಗುತ್ತದೆ ಎಂಬ ನಂಬಿಕೆ. ಮಂಡ್ಯ, ಮೈಸೂರು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವುದೂ ಇದೇ ಕೆಲಸ, ಅದೂ ಸೂರ್ಯ ತಿರುಗುವ ಇನ್ನೊಂದು ಹಬ್ಬದಲ್ಲಿ. ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲು ಆಧಾರವಿಲ್ಲ. ದನ ಸಾಕುವವರ ಆತಂಕಗಳು ಎಲ್ಲೆಡೆ ಒಂದೇ ಇರಬಹುದು ಎಂದಷ್ಟೇ ಹೇಳಬಹುದು.

ಸ್ಪೇನಿನ ಸೋರಿಯಾ ಪ್ರಾಂತ್ಯದ ಸಾನ್ ಪೆದ್ರೋ ಮಾನ್ರಿಕೆ ಎಂಬ ಪುಟ್ಟ ಊರಿನಲ್ಲಿ ಜೂನ್ 23ರ ನಡುರಾತ್ರಿ ಓಕ್ ಮರದ ಕೆಂಡ ಹಾಸಿ ಬರಿಗಾಲಲ್ಲಿ ಹಾಯುತ್ತಾರೆ, ಅದೂ ಬೆನ್ನ ಮೇಲೆ ಇನ್ನೊಬ್ಬರನ್ನು ಹೊತ್ತುಕೊಂಡು. ನಮ್ಮ ಕೊಂಡ ಹಾಯುವವರ ಕಾಲು ಸುಡದಿರುವುದಕ್ಕೆ ಇರುವ ಕಾರಣವೇ ಅಲ್ಲಿಯದೂ: ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಹೆಜ್ಜೆ ಊರುವುದು ಕ್ಷಣಮಾತ್ರ. ಇದೇ ದೇಶದ ಅಲಿಕಾಂತೆಯಲ್ಲಿ 1928ರಿಂದ ಒಂದು ನಗರ ಉತ್ಸವವೇ ಬೆಳೆದಿದೆ. ಆಳೆತ್ತರವನ್ನೂ ಮೀರಿದ ಬಣ್ಣದ ಪ್ರತಿಮೆಗಳನ್ನು ಬೀದಿಗಳಲ್ಲಿ ನಿಲ್ಲಿಸಿ, ಜೂನ್ 24ರ ರಾತ್ರಿ ಸುಟ್ಟು ಬಿಡುತ್ತಾರೆ.

ಡೆನ್ಮಾರ್ಕಿನವರು ಕಡಲ ತೀರದ ಬೆಂಕಿಯ ಮೇಲೆ ಹುಲ್ಲಿನ ಮಾಟಗಾತಿಯನ್ನು ಕೂರಿಸುತ್ತಾರೆ. ಸ್ವೀಡನ್ನಿನವರು ರಜೆಗೆ ಅನುಕೂಲವಾಗಲೆಂದು 1953ರಿಂದ ಹಬ್ಬದ ಸಂಜೆಯನ್ನು ಜೂನ್ 19ರಿಂದ 25ರೊಳಗಿನ ಶುಕ್ರವಾರಕ್ಕೆ ಕಟ್ಟಿಹಾಕಿದರು. ಅಲ್ಲಿ ಬೆಂಕಿಗಿಂತ ಹೂವು ಸುತ್ತಿದ ಕಂಬದ ಸುತ್ತ ಕುಣಿಯುವುದೇ ಮುಖ್ಯ, ಸಂತನ ಹೆಸರೂ ಹೆಚ್ಚು ಕಡಿಮೆ ಮಾಸಿಹೋಗಿದೆ.

ಪೋರ್ಟೋದ ಸುತ್ತಿಗೆ, ಲಿಸ್ಬನ್ನಿನ ಮದುವೆ

ಪೋರ್ಚುಗಲ್ಲಿನಲ್ಲಿ ಜೂನ್ ಎಂದರೆ ಮೂವರು ಸಂತರ ತಿಂಗಳು. 13ಕ್ಕೆ ಸಂತ ಅಂತೋನಿ, 24ಕ್ಕೆ ಯೋಹಾನ, 29ಕ್ಕೆ ಮೀನುಗಾರರ ಸಂತ ಪೇತ್ರ. ಪಾದುವಾದ ಅಂತೋನಿ ಎಂದು ನಾವು ಕರೆಯುವ ಸಂತ ಹುಟ್ಟಿದ್ದು ಲಿಸ್ಬನ್ನಿನಲ್ಲಿ, ತೀರಿಕೊಂಡದ್ದು ಪಾದುವಾದ ಬಳಿ 1231ರ ಜೂನ್ 13ರಂದು. ಅವರಿಗೆ ಮದುವೆ ಕೂಡಿಸುವ ಸಂತ ಎಂಬ ಹೆಸರು. ಲಿಸ್ಬನ್ನಿನಲ್ಲಿ ಹಬ್ಬದ ಹಿಂದಿನ ದಿನ ಸಾಮೂಹಿಕ ಮದುವೆಗಳು ನಡೆಯುತ್ತವೆ.

ಬಡಗಣದ ಪೋರ್ಟೋ ಯೋಹಾನನ ಪಾಲಿನ ಊರು. ದೌರು ನದಿಯ ದಂಡೆಯಲ್ಲಿ ಸಿಡಿಮದ್ದು, ಆಕಾಶಕ್ಕೆ ಕಾಗದದ ಬಲೂನು, ಬೀದಿಯಲ್ಲಿ ಇದ್ದಿಲ ಮೇಲೆ ಸುಡುವ ಬೂತಾಯಿ ಮೀನಿನ ಹೊಗೆ. ಮೊದಲು ಜನ ಉದ್ದ ದಂಟಿನ ಕಾಡುಬೆಳ್ಳುಳ್ಳಿ ಹೂವು ಹಿಡಿದು ಹೋಗಿಬರುವವರ ಮುಖಕ್ಕೆ ಸವರುತ್ತಿದ್ದರು. 1960ರ ದಶಕದಲ್ಲಿ ಸ್ಥಳೀಯ ಪ್ಲಾಸ್ಟಿಕ್ ತಯಾರಕರೊಬ್ಬರ ಕೀಚುಗುಟ್ಟುವ ಸುತ್ತಿಗೆ ಹಬ್ಬದ ಬೀದಿಗೆ ಬಂತು, ಈಗ ಆ ರಾತ್ರಿ ಊರಿಗೆ ಊರೇ ಕೀಚುಗುಟ್ಟುತ್ತದೆ. ಸಂಪ್ರದಾಯ ಎನ್ನುವುದು ಎಷ್ಟು ಬೇಗ ‘ಹಿಂದಿನಿಂದ ಬಂದದ್ದು’ ಆಗಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪ್ರೇಮಿಗಳು ಅಂದು ಪರಸ್ಪರ ಕೊಡುವುದು ಚಿಕ್ಕ ಎಲೆಯ ಕಾಮಕಸ್ತೂರಿ ಗಿಡದ ಕುಂಡ. ಅದಕ್ಕೊಂದು ಕಾಗದದ ಹೂವು, ನಾಲ್ಕು ಸಾಲಿನ ಪದ್ಯ ಸಿಕ್ಕಿಸಿರುತ್ತಾರೆ. ಗಿಡವನ್ನು ನೇರ ಮೂಸಿದರೆ ಬಾಡುತ್ತದೆಂಬ ನಂಬಿಕೆಯಿಂದ ಎಲೆಯ ಮೇಲೆ ಅಂಗೈ ಆಡಿಸಿ, ಆ ಕೈಯನ್ನು ಮೂಸುತ್ತಾರೆ.

ಚಳಿಗಾಲದಲ್ಲಿ ಬೇಸಿಗೆಯ ಹಬ್ಬ

ಪೋರ್ಚುಗೀಸರು ಈ ಹಬ್ಬವನ್ನು ಹಡಗಿನಲ್ಲಿ ಕೊಂಡೊಯ್ದು ಬ್ರೆಜಿಲ್ಲಿನಲ್ಲಿ ಇಳಿಸಿದಾಗ ಒಂದು ವಿಚಿತ್ರ ನಡೆಯಿತು. ಸಮಭಾಜಕ ವೃತ್ತದಿಂದ ಕೆಳಗೆ ಜೂನ್ ಎಂದರೆ ಚಳಿಗಾಲ. ಈಶಾನ್ಯ ಬ್ರೆಜಿಲ್ಲಿನ ಕಾಂಪಿನಾ ಗ್ರಾಂದೆ ನಗರ ಆ ವೃತ್ತದಿಂದ ಏಳೇ ಡಿಗ್ರಿ ದೂರದಲ್ಲಿದೆ, ಅಲ್ಲಿ ಹಗಲು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಅಳತೆ. ಸೂರ್ಯ ತಿರುಗಿದರೆಷ್ಟು, ಬಿಟ್ಟರೆಷ್ಟು?

ಹಬ್ಬ ಸೂರ್ಯನನ್ನು ಬಿಟ್ಟು ಜೋಳವನ್ನು ಹಿಡಿದುಕೊಂಡಿತು. ಒಣಭೂಮಿಯ ಆ ಸೀಮೆಯಲ್ಲಿ ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೆ ಮಳೆ ಬಂದರೆ ಮುಸುಕಿನ ಜೋಳ ಬಿತ್ತುವುದು, ಯೋಹಾನನ ಹಬ್ಬಕ್ಕೆ ಹಸಿ ತೆನೆ ಮುರಿಯುವುದು ರೂಢಿ. ಹಾಗಾಗಿ ಅಂದು ತಿನ್ನುವುದೆಲ್ಲ ಜೋಳದ್ದೇ: ಹಸಿ ಜೋಳ ರುಬ್ಬಿ ಅದರದೇ ಸಿಪ್ಪೆಯಲ್ಲಿ ಕಟ್ಟಿ ಬೇಯಿಸಿದ ಪಮೋನ್ಯ, ಹಾಲಿನಲ್ಲಿ ಕುದಿಸಿದ ಪಾಯಸ, ಸುಟ್ಟ ತೆನೆ. ಜೊತೆಗೆ ಹಳ್ಳಿಗರ ವೇಷದಲ್ಲಿ ಅಣಕು ಮದುವೆ, ಅಕಾರ್ಡಿಯನ್ ಮತ್ತು ಡೋಲಿನ ಕುಣಿತ. ಜೋಡಿಜೋಡಿಯಾಗಿ ಕುಣಿಯುವ ಆ ನೃತ್ಯ ಮೂಲದಲ್ಲಿ ಹತ್ತೊಂಬತ್ತನೆಯ ಶತಮಾನದ ಸಿರಿವಂತರ ಫ್ರೆಂಚ್ ಕುಣಿತ. ಹೆಜ್ಜೆ ಹೇಳಿಕೊಡುವವನು ಇವತ್ತೂ ಅಪಭ್ರಂಶವಾದ ಫ್ರೆಂಚಿನಲ್ಲೇ ಕೂಗುತ್ತಾನೆ. ಬೆಂಕಿ ಹೊತ್ತ ಕಾಗದದ ಬಲೂನನ್ನು ಹಾರಿಸುವುದು ಮಾತ್ರ 1998ರ ಪರಿಸರ ಕಾನೂನಿನಿಂದ ಅಪರಾಧವಾಗಿದೆ, ಕಾಡು ಹೊತ್ತಿಕೊಳ್ಳುತ್ತಿತ್ತು.

ಗೋವಾದಲ್ಲಿ ಬಾವಿ ಏಕೆ?

ಅದೇ ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದು 1961ರವರೆಗೆ ಇದ್ದರು. ಜೂನ್ 24ರ ಗೋವಾ ಹೇಗಿರುತ್ತದೆ ಎಂದು ಬೆಳಗಾವಿ, ಕಾರವಾರದವರನ್ನು ಕೇಳಿ. ಮುಂಗಾರು ಇಳಿದು ಎರಡು ಮೂರು ವಾರ, ಕಟ್ಟಿಗೆ ಎಲ್ಲ ಒದ್ದೆ, ಬಯಲಲ್ಲಿ ಬೆಂಕಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ತಳ ಕಂಡಿದ್ದ ಬಾವಿಗಳು ಆಗಷ್ಟೇ ತುಂಬಿರುತ್ತವೆ. ಬೆಂಕಿಯ ಮೇಲೆ ಹಾರುವ ಹಬ್ಬ ನೀರಿಗೆ ಹಾರುವ ಹಬ್ಬವಾಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ ಎಂದು ನನ್ನ ಎಣಿಕೆ. ಬೆಂಕಿಯ ಎಳೆ ಪೂರ್ತಿ ಅಳಿದಿಲ್ಲ, ಕೆಲವು ಹಳ್ಳಿಗಳಲ್ಲಿ ಹಬ್ಬದ ಹಿಂದಿನ ರಾತ್ರಿ ಹುಲ್ಲಿನ ಬೊಂಬೆಯೊಂದನ್ನು ಸುಡುವ ಪದ್ಧತಿ ಉಳಿದಿದೆ.

ಭಕ್ತರು ಕೊಡುವ ವಿವರಣೆ ಬೇರೆ. ಬಾವಿ ಎಂದರೆ ತಾಯಿಯ ಗರ್ಭ, ಧುಮುಕುವುದೆಂದರೆ ಎಲಿಸಬೇತಳ ಹೊಟ್ಟೆಯಲ್ಲಿ ಕೂಸು ನಲಿದು ಹಾರಿದ್ದು. ಜೊತೆಗೆ ಸ್ನಾನ ಮಾಡಿಸಿದ ಸಂತನಿಗೆ ನೀರಿಗಿಂತ ತಕ್ಕ ಕಾಣಿಕೆ ಯಾವುದು? ನೀರಿನ ನಂಟು ಗೋವಾಕ್ಕಿಂತ ಬಹಳ ಹಳೆಯದು ಎನ್ನುವುದಂತೂ ನಿಜ. ಈಗಿನ ಅಲ್ಜೀರಿಯಾದಲ್ಲಿರುವ ಹಿಪ್ಪೋ ಪಟ್ಟಣದಲ್ಲಿ ಬಿಷಪ್ ಆಗಿದ್ದ ಅಗಸ್ಟಿನ್, ಯೋಹಾನನ ಹಬ್ಬಕ್ಕೆಂದು ಸಮುದ್ರಕ್ಕಿಳಿದು ಮೀಯುತ್ತಿದ್ದ ಕ್ರೈಸ್ತರನ್ನು ಸುಮಾರು 1600 ವರ್ಷಗಳ ಹಿಂದೆಯೇ ತರಾಟೆಗೆ ತೆಗೆದುಕೊಂಡಿದ್ದರು. ಇಟಲಿಯ ಕವಿ ಪೆಟ್ರಾರ್ಕ್ 1333ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಈ ಹಬ್ಬದ ಸಂಜೆ ಹೆಂಗಸರು ಸಾಲಾಗಿ ರೈನ್ ನದಿಯಲ್ಲಿ ಕೈತೊಳೆಯುವುದನ್ನು ನೋಡಿ, ವರ್ಷದ ಕಷ್ಟಗಳು ಹರಿದುಹೋಗಲೆಂದು ಹೀಗೆ ಮಾಡುತ್ತಾರೆಂದು ಕೇಳಿ ತಿಳಿದು ಬರೆದಿದ್ದಾನೆ. ಫಿಲಿಪ್ಪೀನ್ಸಿನ ಸಾನ್ ಹುವಾನ್ ನಗರದಲ್ಲಿ ಇಂದಿಗೂ ಅಂದು ಒಬ್ಬರ ಮೇಲೊಬ್ಬರು ನೀರೆರಚುತ್ತಾರೆ.

ಗೋವಾದ ಹಬ್ಬದ ಕೇಂದ್ರದಲ್ಲಿ ಇರುವವನು ಹೊಸ ಅಳಿಯ. ಮದುವೆಯಾದ ಮೇಲಿನ ಮೊದಲ ಸಾಂಜಾಂವ್‌ಗೆ ಅತ್ತೆ ಅಳಿಯನನ್ನು ಮನೆಗೆ ಕರೆಸುತ್ತಾಳೆ. ನಮ್ಮಲ್ಲಿ ಮೊದಲ ದೀಪಾವಳಿಗೆ ನಡೆಯುವ ಉಪಚಾರವೆಲ್ಲ ಅಲ್ಲಿ ಮಳೆಗಾಲದಲ್ಲಿ ನಡೆಯುತ್ತದೆ. ತಲೆಗೆ ಕೊಪೆಲ್ ಎಂಬ ಹೂವಿನ ಕಿರೀಟ, ಊಟ, ಬುಟ್ಟಿ ತುಂಬ ಆ ಕಾಲದ ಮಾವು, ಹಲಸು, ಅನಾನಸು. ಆಮೇಲೆ ಊರ ಹುಡುಗರು ಅವನನ್ನು ಬಾವಿಯಿಂದ ಬಾವಿಗೆ ಕರೆದೊಯ್ಯುತ್ತಾರೆ. ಮಕ್ಕಳಿಲ್ಲದ ದಂಪತಿಗೆ ಹುಟ್ಟಿದ ಸಂತನಾದ್ದರಿಂದ ಹೊಸ ಜೋಡಿಗೆ ಸಂತಾನವಾಗಲಿ ಎಂಬ ಹಾರೈಕೆ ಇದರಲ್ಲಿದೆ. ಮನೆಯಲ್ಲಿ ಅಕ್ಕಿಹಿಟ್ಟು, ಕಾಯಿ, ಬೆಲ್ಲ ಸೇರಿಸಿ ಅರಿಶಿನದ ಎಲೆಯಲ್ಲಿ ಬೇಯಿಸುವ ಪಾತೊಳಿ ಇರುತ್ತದೆ. ಕರಾವಳಿಯ ನಾಗರಪಂಚಮಿಯ ಅರಿಶಿನ ಎಲೆ ಕಡುಬು ತಿಂದವರಿಗೆ ಅದರ ಪರಿಮಳವನ್ನು ಪರಿಚಯಿಸಬೇಕಿಲ್ಲ. ಪೋರ್ಚುಗಲ್ಲಿನ ಸಂತನಿಗೆ ನೈವೇದ್ಯ ಸಿಕ್ಕಿದ್ದು ಕೊಂಕಣದ ಒಲೆಯಿಂದ. ವಾದ್ಯವೂ ಅಷ್ಟೇ: ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದ ಘುಮಟ್ ಮತ್ತು ತಾಳ. ಉಡದ ಚರ್ಮದ ಬಳಕೆ ವನ್ಯಜೀವಿ ಕಾನೂನಿನಿಂದ ನಿಂತು ಈಗ ಆಡಿನ ಚರ್ಮ ಬಂದಿದೆ, 2019ರಲ್ಲಿ ಗೋವಾ ಸರ್ಕಾರ ಘುಮಟನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು.

ಬಾರ್ದೇಸ್ ತಾಲ್ಲೂಕಿನ ಶಿವೊಲಿಯಲ್ಲಿ ಇದಕ್ಕೆ ದೋಣಿಯ ಮೆರವಣಿಗೆಯೂ ಸೇರಿದೆ. ಶಾಪೋರಾ, ಹಣಜುಣೆ, ಅಸಗಾಂವ್ ಕಡೆಯ ಜನ ಅಲಂಕರಿಸಿದ ದೋಣಿಗಳಲ್ಲಿ ಹಾಡುತ್ತ ಹೊಳೆಯ ಮೂಲಕ ಬಂದು ಅಲ್ಲಿಯ ಸಂತ ಯೋಹಾನನ ಪ್ರಾರ್ಥನಾಮಂದಿರಕ್ಕೆ ಕಾಣಿಕೆ ಸಲ್ಲಿಸುವುದು ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿದೆ.

ಮಂಗಳೂರಿನಲ್ಲಿ ಈ ಗದ್ದಲ ಏಕಿಲ್ಲ?

ಮಂಗಳೂರಿನ ಕ್ಯಾಥೊಲಿಕರಲ್ಲಿ ಬಹುಪಾಲಿನವರ ಪೂರ್ವಜರು ಗೋವಾದಿಂದ ವಲಸೆ ಬಂದವರು, ಮಾತೂ ಕೊಂಕಣಿ. ಆದರೂ ಊರಿಗೆ ಊರೇ ಸೇರುವ ಋತುವಿನ ಹಬ್ಬ ಇಲ್ಲಿ ಮರಿಯಳ ಹುಟ್ಟಿನದು. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದಾ ಅದಕ್ಕೆ ನಾಂದಿ ಹಾಡಿದರು ಎನ್ನುತ್ತದೆ ಇಲ್ಲಿಯ ಪರಂಪರೆ. ಜೂನಿನಲ್ಲಿ ತುಳುನಾಡಿನ ರೈತ ನಾಟಿಯ ಕೆಸರಿನಲ್ಲಿ ಇರುತ್ತಾನೆ, ಸೆಪ್ಟೆಂಬರಿನಲ್ಲಿ ತೆನೆ ತೂಗುತ್ತಿರುತ್ತದೆ. ಹಬ್ಬದ ಸಡಗರ ತೆನೆಯ ಕಡೆ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ.

ನೋಡಲು ಹೋಗುವವರಿಗೆ

ಶಿವೊಲಿಯ ದೋಣಿಗಳು ಬರುವುದು 24ರ ಮಧ್ಯಾಹ್ನದ ಮೇಲೆ. ಬಾವಿಗಳು ಬಹುಪಾಲು ಖಾಸಗಿ ಮನೆಗಳವು, ಕರೆಯದೆ ಒಳಗೆ ಹೋಗುವ ಹಾಗಿಲ್ಲ. ಧುಮುಕುವವರಿಗೆ ಆ ಬಾವಿಯ ಆಳ, ಕಲ್ಲು, ಮೆಟ್ಟಿಲು ಚಿಕ್ಕಂದಿನಿಂದ ಗೊತ್ತಿರುತ್ತದೆ, ಪ್ರವಾಸಿಗರಿಗೆ ಗೊತ್ತಿರುವುದಿಲ್ಲ. ಕುಡಿದು ನೀರಿಗಿಳಿಯಬೇಡಿ ಎಂಬ ಎಚ್ಚರಿಕೆ ಈ ಹಬ್ಬದ ಹೊತ್ತಿಗೆ ಕೇಳಿಬರುತ್ತಲೇ ಇರುತ್ತದೆ. 24 ತಪ್ಪಿದರೆ ಐದು ದಿನ ಕಾಯಬಹುದು. 29ರಂದು ಸಂತ ಪೇತ್ರನ ಹಬ್ಬಕ್ಕೆ ಗೋವಾದ ಮೀನುಗಾರರು ಮಳೆಗಾಲಕ್ಕೆಂದು ದಡಕ್ಕೆ ಎಳೆದಿಟ್ಟ ದೋಣಿಗಳನ್ನು ಎರಡೆರಡಾಗಿ ಜೋಡಿಸಿ ಕಟ್ಟಿ, ಅವುಗಳ ಮೇಲೆ ಹಲಗೆ ಹಾಸಿ ವೇದಿಕೆ ಮಾಡಿ, ಹೊಳೆಯಲ್ಲಿ ತೇಲುತ್ತಲೇ ನಾಟಕ ಆಡುತ್ತಾರೆ, ಹಾಡುತ್ತಾರೆ. ಅದಕ್ಕೆ ಸಾಂಗೊಡ್ ಎನ್ನುತ್ತಾರೆ. ದಂಡೆಯಲ್ಲಿ ನಿಂತು ನೋಡಲು ಯಾರ ಅಪ್ಪಣೆಯೂ ಬೇಡ, ಕೊಡೆ ಬೇಕು.